ಬಿಟ್ಟರೆ ಏನಾದರೂ ಆದೀತೇ?



ಇವತ್ತು ನಾವು ಬೀಡಿಯ ವಿಷಯ ಮಾತಾಡುವ. ಹೊಗೆಸೊಪ್ಪಿನ ವಿಷಯವೂ ಮಾತಾಡುವ. "ಅದು ಕೆಟ್ಟದು, ನಮಗೆ ಗೊತ್ತುಂಟು" ಎಂದು ನೀವು ಹೇಳುತ್ತೀರಿ. ಸರಿ. ಕೆಟ್ಟದು ಎಂದು ಪುನಃ ಹೇಳಲಿಕ್ಕೆ ನಾವು ಬಂದದ್ದಲ್ಲ. ಬೀಡಿ ಕಟ್ಟಿನ ಮೇಲಿನ ಚಿತ್ರ ನೋಡಿದರೆ ಅಕ್ಷರ ಬಾರದವರಿಗೂ ಅದು ತಿಳಿಯುತ್ತದೆ. ನಾವು ಮಾತಾಡುವುದು ಬೇರೊಂದು ಸಂಗತಿ. ಬಿಡುವ ಹೆದರಿಕೆ.

ನಲವತ್ತು ವರ್ಷ ಬೀಡಿ ಸೇದಿದ ಅಜ್ಜನನ್ನು ಕೇಳಿ ನೋಡಿ. "ಬಿಡಬೇಕು ಅಂತ ಉಂಟು ಮಗಾ. ಆದರೆ ಹೆದರಿಕೆ ಆಗ್ತದೆ" ಎನ್ನುತ್ತಾರೆ. ಹುಲಿಗೆ ಹೆದರದವರು, ಕತ್ತಲೆಗೆ ಹೆದರದವರು ಇಷ್ಟುದ್ದದ ಬೀಡಿ ಬಿಡಲಿಕ್ಕೆ ಹೆದರುತ್ತಾರೆ. ನಗಬೇಡಿ. ಆ ಹೆದರಿಕೆ ಸುಳ್ಳಲ್ಲ.

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆಯಲ್ಲಿ ಬೀಡಿ ಎಂದರೆ ಬರೀ ಚಟವಲ್ಲ. ಅದು ನಮ್ಮ ಹೆಂಗಸರ ಕೆಲಸ. ಎಲೆ ಬರುವುದು ಮಧ್ಯಪ್ರದೇಶ, ಒಡಿಶಾದ ಕಾಡುಗಳಿಂದ. ಹೊಗೆಸೊಪ್ಪಿನ ಹುಡಿ ಬರುವುದು ನಿಪ್ಪಾಣಿ ಮತ್ತು ಗುಜರಾತಿನ ಕಡೆಯಿಂದ. ಎಲೆ ಕತ್ತರಿಸಿ, ಹುಡಿ ತುಂಬಿ, ಸುರುಟಿ, ನೂಲು ಸುತ್ತುವ ಕೈ ನಮ್ಮದು. ತಡ್ಪೆ ತೊಡೆಯ ಮೇಲೆ ಇಟ್ಟುಕೊಂಡು ಕೂತರೆ ಏಳುವುದು ಲೆಕ್ಕ ತುಂಬಿದ ಮೇಲೆಯೇ. ಮಜೂರಿ ಸಾವಿರ ಬೀಡಿಗೆ ಇಷ್ಟು ಎಂದು. ಬ್ರಾಂಚಿನಲ್ಲಿ ನಾಲ್ಕು ಬೀಡಿ ಚೆನ್ನಾಗಿಲ್ಲ ಎಂದು ಬಿಸಾಡಿದರೆ ಅದೂ ನಮ್ಮದೇ ನಷ್ಟ.

ಇಷ್ಟು ಬೀಡಿ ಕಟ್ಟುವ ನಮ್ಮ ಹೆಂಗಸರು ಬೀಡಿ ಸೇದುವುದು ತೀರಾ ಕಡಿಮೆ. ಆದರೆ ಬಾಯಿ? ಕೈ ಓಡುತ್ತಿರುತ್ತದೆ, ಬಾಯಿ ಖಾಲಿ. ಎಲೆಅಡಿಕೆ, ಸುಣ್ಣ, ಅದರ ಜೊತೆ ಒಂದು ತುಂಡು ಹೊಗೆಸೊಪ್ಪು. ಕೆನ್ನೆಯ ಒಳಗೆ ಇಟ್ಟರೆ ನಿದ್ದೆ ಹತ್ತಿರ ಬರುವುದಿಲ್ಲ. ಹಸಿವೆ ಗೊತ್ತಾಗುವುದಿಲ್ಲ. ಸಾವಿರ ಮುಗಿಯುತ್ತದೆ.

2016-17ರಲ್ಲಿ ಇಡೀ ದೇಶದಲ್ಲಿ ಒಂದು ಸರ್ವೆ ಮಾಡಿದ್ದರು. ಹದಿನೈದು ವರ್ಷ ದಾಟಿದ ಗಂಡಸರಲ್ಲಿ ನೂರಕ್ಕೆ 42 ಮಂದಿಗೆ ಹೊಗೆಸೊಪ್ಪಿನ ಒಂದಲ್ಲ ಒಂದು ಚಟ ಇತ್ತು. ಹೆಂಗಸರಲ್ಲಿ ನೂರಕ್ಕೆ 14. ಸೇದುವ ಹೆಂಗಸರು ನೂರಕ್ಕೆ 2 ಮಾತ್ರ. ಉಳಿದವರದ್ದು ಹೆಚ್ಚಾಗಿ ಬಾಯಿಗೆ ಹಾಕುವ ಚಟ. ಹಾಗಾಗಿ ಇದು ಮನೆಯ ಗಂಡಸರಿಗೆ ಹೇಳುವ ಬುದ್ಧಿಮಾತು ಮಾತ್ರ ಎಂದು ತಿಳಿಯಬೇಡಿ. ಜಗಲಿಯಲ್ಲಿ ಕೂತವರಿಗೂ ಹೌದು, ಅಡಿಗೆ ಮನೆಯಲ್ಲಿ ಇರುವವರಿಗೂ ಹೌದು.

ಈಗ ಹೆದರಿಕೆಗೆ ಬರುವ.

ಎಲ್ಲಕ್ಕಿಂತ ದೊಡ್ಡ ಹೆದರಿಕೆ ಇದು. "ಒಮ್ಮೆಲೇ ಬಿಟ್ಟರೆ ಜೀವಕ್ಕೆ ಅಪಾಯ." ಊರಲ್ಲಿ ಒಂದು ಮಾತು ಯಾವಾಗಲೂ ಕೇಳುತ್ತದೆ. "ಇಂಥವರ ಮಾವ ಬೀಡಿ ಬಿಟ್ಟರು. ಮೂರೇ ತಿಂಗಳು. ಹೋಗಿಬಿಟ್ಟರು. ಸೇದುತ್ತಾ ಇದ್ದಿದ್ದರೆ ಇನ್ನೂ ಹತ್ತು ವರ್ಷ ಇರುತ್ತಿದ್ದರು."

ನಾವು ಸ್ವಲ್ಪ ಯೋಚನೆ ಮಾಡುವ. ಆ ಮಾವ ಬೀಡಿ ಬಿಟ್ಟದ್ದು ಯಾಕೆ? ಮೈ ಗಟ್ಟಿ ಇರುವಾಗ ಬಿಟ್ಟರೇ? ಇಲ್ಲ. ದಮ್ಮು ಹತ್ತಿತು, ಕೆಮ್ಮಿನಲ್ಲಿ ರಕ್ತ ಬಂತು, ಎದೆ ಹಿಡಿಯಿತು. ಆಗ ಡಾಕ್ಟರು ಬೈದರು, ಆಗ ಬಿಟ್ಟರು. ಕಾಯಿಲೆ ಮೊದಲೇ ಒಳಗೆ ಬಂದು ಕೂತಿತ್ತು. ಬಿಟ್ಟದ್ದರಿಂದ ಸತ್ತದ್ದಲ್ಲ. ಸಾಯುವಷ್ಟು ಕಾಯಿಲೆ ಬಂದ ಮೇಲೆ ಬಿಟ್ಟದ್ದು. ಮುಂದಿನದು ಹಿಂದೆ, ಹಿಂದಿನದು ಮುಂದೆ ಮಾಡಿ ಹೇಳಿದರೆ ಲೆಕ್ಕ ತಪ್ಪುತ್ತದೆ.

ಈ ಹೆದರಿಕೆಗೆ ಇನ್ನೊಂದು ಕಾರಣವೂ ಉಂಟು. ನಾವು ಶರಾಬು ಬಿಡಿಸುವುದನ್ನು ಕಂಡಿದ್ದೇವೆ. ಬೆಳ್ತಂಗಡಿ ತಾಲೂಕಿನಲ್ಲಿ ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆ ಶುರುವಾದದ್ದು 1982ರಲ್ಲಿ. ಆಮೇಲೆ ಜನಜಾಗೃತಿ ವೇದಿಕೆಯವರು ಊರೂರಲ್ಲಿ ಮದ್ಯವರ್ಜನ ಶಿಬಿರ ಮಾಡಿದರು. ಮೊದಲ ದಿನಗಳಲ್ಲಿ ಕುಡುಕರ ಕೈ ನಡುಗುವುದನ್ನು, ಇಲ್ಲದ್ದು ಕಂಡಂತೆ ಮಾತಾಡುವುದನ್ನು ಎಷ್ಟೋ ಹೆಂಡಂದಿರು ನೋಡಿದ್ದಾರೆ. ಕೆಲವರಿಗೆ ಫಿಟ್ಸ್ ಕೂಡ ಬರುತ್ತದೆ. ದಿನಾ ತುಂಬಾ ಕುಡಿಯುವವರು ಒಮ್ಮೆಲೇ ನಿಲ್ಲಿಸಿದರೆ ನಿಜವಾಗಿಯೂ ಜೀವಕ್ಕೆ ಅಪಾಯ ಆಗಬಹುದು. ಅವರಿಗೆ ಡಾಕ್ಟರು ಹತ್ತಿರ ಇರಬೇಕು, ಮದ್ದು ಬೇಕು.

ಬೀಡಿ ಹಾಗಲ್ಲ. ಹೊಗೆಸೊಪ್ಪು ಹಾಗಲ್ಲ. ಐವತ್ತು ವರ್ಷ ಸೇದಿದವರು ನಾಳೆ ಬೆಳಿಗ್ಗೆ ಒಮ್ಮೆಲೇ ನಿಲ್ಲಿಸಿದರೂ, ನಿಲ್ಲಿಸಿದ ಕಾರಣಕ್ಕೆ ಜೀವ ಹೋಗುವುದಿಲ್ಲ. ಕಷ್ಟ ಆಗುತ್ತದೆ. ಅಪಾಯ ಆಗುವುದಿಲ್ಲ. ಈ ಎರಡು ಮಾತನ್ನು ಬೇರೆ ಬೇರೆ ಇಟ್ಟುಕೊಳ್ಳಿ. ಸಕ್ಕರೆ ಕಾಯಿಲೆ, ದಮ್ಮು, ಮಾನಸಿಕ ಕಾಯಿಲೆಗೆ ಮದ್ದು ತೆಗೆದುಕೊಳ್ಳುವವರು ಮಾತ್ರ "ನಾನು ಬೀಡಿ ಬಿಡುತ್ತಾ ಇದ್ದೇನೆ" ಎಂದು ಡಾಕ್ಟರಿಗೆ ಹೇಳಬೇಕು. ಕೆಲವು ಮದ್ದುಗಳ ಪ್ರಮಾಣ ಸ್ವಲ್ಪ ಬದಲಿಸಬೇಕಾಗಬಹುದು.

ಕಷ್ಟ ಯಾಕೆ ಆಗುತ್ತದೆ? ಹೊಗೆಸೊಪ್ಪಿನಲ್ಲಿ ನಿಕೋಟಿನ್ ಎಂಬ ವಸ್ತು ಉಂಟು. ಬೀಡಿ ಎಳೆದರೆ ಕೆಲವೇ ಸೆಕೆಂಡುಗಳಲ್ಲಿ ಅದು ತಲೆಗೆ ಮುಟ್ಟುತ್ತದೆ. ಜಗಿದರೆ ನಿಧಾನ, ಆದರೆ ಹೆಚ್ಚು ಹೊತ್ತು ಇರುತ್ತದೆ. ಸ್ವಲ್ಪ ಹೊತ್ತಿನಲ್ಲಿ ರಕ್ತದಲ್ಲಿ ಅದು ಕಡಿಮೆ ಆಗುತ್ತದೆ. ಆಗ ತಲೆ "ಕೊಡು, ಕೊಡು" ಎನ್ನುತ್ತದೆ. ಸಿಟ್ಟು ಬರುತ್ತದೆ, ಕೈಕಾಲು ಸುಮ್ಮನಿರುವುದಿಲ್ಲ. ಒಂದು ಎಳೆದ ಕೂಡಲೇ ಸಮಾಧಾನ. "ಬೀಡಿಯಿಂದ ಸಮಾಧಾನ ಸಿಕ್ಕಿತು" ಎಂದು ಅವರು ಹೇಳುತ್ತಾರೆ. ಆದರೆ ಆ ಅಸಮಾಧಾನ ಕೊಟ್ಟದ್ದು ಯಾರು? ಹಿಂದಿನ ಬೀಡಿಯೇ! ಸಾಲದ ಬಡ್ಡಿ ಕಟ್ಟಲಿಕ್ಕೆ ಪುನಃ ಸಾಲ ಮಾಡಿದ ಹಾಗೆ. ನಮ್ಮ ಸಂಘದ ಹೆಂಗಸರಿಗೆ ಈ ಲೆಕ್ಕ ಬೇರೆಯವರು ಹೇಳಿಕೊಡಬೇಕಾಗಿಲ್ಲ.

ಬಿಟ್ಟ ಮೇಲೆ ಮೊದಲ ಮೂರು ದಿನ ತುಂಬಾ ಕಷ್ಟ. ತಲೆನೋವು, ನಿದ್ದೆ ಇಲ್ಲ, ಸಣ್ಣ ಮಾತಿಗೂ ಸಿಟ್ಟು. ಒಂದು ವಾರ ಕಳೆದರೆ ಸ್ವಲ್ಪ ಸಡಿಲ. ಎರಡರಿಂದ ನಾಲ್ಕು ವಾರದಲ್ಲಿ ಹೆಚ್ಚಿನದೆಲ್ಲ ಇಳಿಯುತ್ತದೆ. ಆಮೇಲೆಯೂ ಮದುವೆ ಮನೆಯಲ್ಲಿ, ಕೋಲ-ನೇಮಕ್ಕೆ ಹೋದಲ್ಲಿ, ಮಳೆ ಬರುವ ಸಂಜೆ ಆಸೆ ಆಗುವುದುಂಟು. ಆ ಆಸೆ ಎಷ್ಟು ಹೊತ್ತು ಇರುತ್ತದೆ ಗೊತ್ತೇ? ಐದು ನಿಮಿಷ. ಹೆಚ್ಚಿನ ಸಲ ಅಷ್ಟೇ. ಬಾವಿಯಿಂದ ನಾಲ್ಕು ಕೊಡ ನೀರು ಎಳೆಯುವಷ್ಟರಲ್ಲಿ ಅದು ದಾಟಿ ಹೋಗಿರುತ್ತದೆ.

ಇನ್ನೊಂದು ಹೆದರಿಕೆಯನ್ನು ಗಂಡಸರು ಬಾಯಿ ಬಿಟ್ಟು ಹೇಳುವುದಿಲ್ಲ. ಹೆಂಗಸರೂ ಹೇಳುವುದಿಲ್ಲ. ನಾವೇ ಹೇಳುತ್ತೇವೆ. ಬೆಳಿಗ್ಗೆ ಒಂದು ಬೀಡಿ ಎಳೆಯದೆ ಹೊಟ್ಟೆ ಖಾಲಿ ಆಗುವುದಿಲ್ಲ! ಇದು ಬರೀ ನೆವ ಅಲ್ಲ. ನಿಕೋಟಿನ್ ಕರುಳನ್ನು ಚುರುಕು ಮಾಡುತ್ತದೆ. ಬಿಟ್ಟಾಗ ಕೆಲವು ದಿನ ಮಲಬದ್ಧತೆ ಆಗುತ್ತದೆ. ಬೆಳಿಗ್ಗೆ ಎದ್ದು ಬಿಸಿನೀರು ಕುಡಿಯಲಿ. ರಾತ್ರಿ ಬಾಳೆಹಣ್ಣು ತಿನ್ನಲಿ. ಬಸಳೆ, ಹರಿವೆ, ಸೌತೆಕಾಯಿ ಪದಾರ್ಥ ಮಾಡಿ. ಕುಚ್ಚಲಕ್ಕಿ ಗಂಜಿ ಹೇಗೂ ಉಂಟು. ಕರುಳು ತನ್ನ ಕೆಲಸವನ್ನು ತಾನೇ ಮಾಡಲು ಕೆಲವು ವಾರಗಳಲ್ಲಿ ಕಲಿಯುತ್ತದೆ.

ಬೀಡಿ ಬಿಟ್ಟ ಮೇಲೆ ಕೆಲವರಿಗೆ ಕೆಮ್ಮು ಜಾಸ್ತಿ ಆಗುವುದುಂಟು. ಆಗ "ನೋಡು, ಬಿಟ್ಟದ್ದೇ ತಪ್ಪಾಯಿತು" ಎಂದು ಪುನಃ ಹಚ್ಚುತ್ತಾರೆ. ಶ್ವಾಸದ ಕೊಳವೆಯ ಒಳಗೆ ಸಣ್ಣ ರೋಮಗಳು ಇರುತ್ತವೆ. ಕಸ, ಕಫವನ್ನು ಮೇಲೆ ತಳ್ಳುವುದು ಅವುಗಳ ಕೆಲಸ. ಹೊಗೆ ಅವುಗಳನ್ನು ಮಲಗಿಸಿಬಿಟ್ಟಿತ್ತು. ಹೊಗೆ ನಿಂತ ಮೇಲೆ ಅವು ಎದ್ದು ಗುಡಿಸಲು ಶುರು ಮಾಡುತ್ತವೆ. ಕಫ ಹೊರಗೆ ಬರುತ್ತದೆ. ಆದರೆ ಕೆಮ್ಮು ಎರಡು ವಾರಕ್ಕಿಂತ ಹೆಚ್ಚು ಇದ್ದರೆ ಕಫ ಪರೀಕ್ಷೆ ಮಾಡಿಸಲೇಬೇಕು. ಅದು ಕ್ಷಯವೂ ಇರಬಹುದು. ಕಫದಲ್ಲಿ ರಕ್ತ ಕಂಡರೆ ಒಂದು ದಿನವೂ ಕಾಯಬಾರದು.

"ಬೀಡಿ ಎಂದರೆ ಎಲೆ ಅಲ್ಲವಾ, ಸಿಗರೇಟಿನಷ್ಟು ಕೆಟ್ಟದಲ್ಲ" ಎನ್ನುವವರೂ ಇದ್ದಾರೆ. ಬೀಡಿ ಬೇಗ ಆರುತ್ತದೆ. ಆರದ ಹಾಗೆ ನೋಡಿಕೊಳ್ಳಲು ಜೋರಾಗಿ, ಪದೇ ಪದೇ ಎಳೆಯಬೇಕು. ಹಾಗಾಗಿ ಸಿಗರೇಟಿಗಿಂತ ಹೆಚ್ಚು ಟಾರು, ಹೆಚ್ಚು ವಿಷಗಾಳಿ ಒಳಗೆ ಹೋಗುತ್ತದೆ.

"ಈ ಪ್ರಾಯದಲ್ಲಿ ಬಿಟ್ಟು ಏನು ಪ್ರಯೋಜನ? ಹಾಳಾಗುವುದು ಹಾಳಾಗಿ ಆಯಿತು." ಇದನ್ನು ಹೆದರಿಕೆ ಎಂದು ಯಾರೂ ಹೇಳುವುದಿಲ್ಲ. ಆದರೆ ಇದೂ ಹೆದರಿಕೆಯೇ. ಬ್ರಿಟನ್ನಿನಲ್ಲಿ ರಿಚರ್ಡ್ ಡಾಲ್ ಎಂಬ ವೈದ್ಯರಿದ್ದರು. ಅವರೂ ಮೊದಲು ಸಿಗರೇಟು ಸೇದುತ್ತಿದ್ದರು. ತಮ್ಮದೇ ಲೆಕ್ಕ ನೋಡಿ ಬಿಟ್ಟರು. 1951ರಲ್ಲಿ ಅವರು ಮತ್ತು ಅವರ ಜೊತೆಯವರು ಸಾವಿರಾರು ಗಂಡಸು ಡಾಕ್ಟರುಗಳ ಹೆಸರು ಬರೆದುಕೊಂಡರು. ಯಾರು ಸೇದುತ್ತಾರೆ, ಯಾರು ಬಿಟ್ಟರು, ಯಾರು ಯಾವಾಗ ತೀರಿಕೊಂಡರು ಎಂದು ಐವತ್ತು ವರ್ಷ ಲೆಕ್ಕ ಇಟ್ಟರು. 2004ರಲ್ಲಿ ಆ ಲೆಕ್ಕ ಹೊರಗೆ ಬಂತು. ಕೊನೆಯವರೆಗೆ ಸೇದಿದವರು ಸುಮಾರು 10 ವರ್ಷ ಮೊದಲೇ ತೀರಿಕೊಂಡಿದ್ದರು. 60ರ ಪ್ರಾಯದಲ್ಲಿ ಬಿಟ್ಟವರಿಗೆ ಅದರಲ್ಲಿ 3 ವರ್ಷ ವಾಪಸು ಸಿಕ್ಕಿತು. 50ರಲ್ಲಿ ಬಿಟ್ಟವರಿಗೆ 6 ವರ್ಷ. 40ರಲ್ಲಿ ಬಿಟ್ಟವರಿಗೆ 9 ವರ್ಷ. ಡಾಲ್ ಅವರು 92 ವರ್ಷ ಬದುಕಿದರು.

60ರಲ್ಲಿ ಬಿಟ್ಟರೆ ಮೂರು ವರ್ಷ. ಕಡಿಮೆಯೇ? ಮೊಮ್ಮಗಳು ಒಂದನೇ ಕ್ಲಾಸಿನಿಂದ ನಾಲ್ಕನೆಯದಕ್ಕೆ ಹೋಗುವುದನ್ನು ಅಜ್ಜ ನೋಡಬಹುದು. ಅದೂ ಮಂಚದಲ್ಲಿ ಮಲಗಿ ಅಲ್ಲ, ಬಸ್‌ಸ್ಟಾಪಿನವರೆಗೆ ಕೈ ಹಿಡಿದು ನಡೆದು.

ಈಗ ಜಗಿಯುವ ಅಮ್ಮಂದಿರಿಗೆ. "ಇದು ಹಿರಿಯರ ಕಾಲದಿಂದ ಬಂದದ್ದು" ಎನ್ನುತ್ತೀರಿ. ಎಲೆಅಡಿಕೆ ನಮ್ಮಲ್ಲಿ ಬಹಳ ಹಳೆಯದು, ನಿಜ. ಹೊಗೆಸೊಪ್ಪು ಹಾಗಲ್ಲ. ಅದು ಅಮೆರಿಕದ ಗಿಡ. ಪೋರ್ಚುಗೀಸರು ಹಡಗಿನಲ್ಲಿ ತಂದ ಮೇಲೆ ನಮ್ಮ ಎಲೆತಟ್ಟೆಗೆ ಬಂತು. ಅದಕ್ಕೆ ಮೊದಲು ನಮ್ಮ ಅಜ್ಜಿಯರು ಅದಿಲ್ಲದೆಯೇ ಬದುಕಿದ್ದರು.

ಜಗಿಯುವವರಿಗೆ ಹಲ್ಲಿನ ಹೆದರಿಕೆ ದೊಡ್ಡದು. "ಹೊಗೆಸೊಪ್ಪು ಇಟ್ಟರೆ ಹಲ್ಲುನೋವು ಇಲ್ಲ, ಬಿಟ್ಟರೆ ನೋವು ಶುರು." ಹೊಗೆಸೊಪ್ಪು ಹಲ್ಲನ್ನು ಗುಣ ಮಾಡಿಲ್ಲ, ನೋವು ಗೊತ್ತಾಗದ ಹಾಗೆ ಮಾಡಿದೆ. ಒಸಡು ಒಳಗಿಂದ ಹಾಳಾಗುತ್ತಲೇ ಇರುತ್ತದೆ. ಬಿಡುವ ಮೊದಲು ಒಮ್ಮೆ ಹಲ್ಲಿನ ಡಾಕ್ಟರಿಗೆ ತೋರಿಸಿ. ಆ ನೋವಿಗೆ ಬೇರೆ ಮದ್ದು ಉಂಟು. ಕನ್ನಡಿ ಹಿಡಿದು ಬಾಯಿಯ ಒಳಗೂ ನೋಡಿಕೊಳ್ಳಿ. ಬಿಳಿ ಅಥವಾ ಕೆಂಪು ಮಚ್ಚೆ ಉಂಟೇ? ಎರಡು ವಾರ ಕಳೆದರೂ ಗುಣವಾಗದ ಹುಣ್ಣು ಉಂಟೇ? ಖಾರ ತಿಂದರೆ ಉರಿಯುತ್ತದೆಯೇ? ಬಾಯಿ ಮೊದಲಿನ ಹಾಗೆ ತೆರೆಯಲಿಕ್ಕೆ ಆಗುವುದಿಲ್ಲವೇ? ಹಾಗಾದರೆ ಡಾಕ್ಟರ ಹತ್ತಿರ ಹೋಗಿ. "ಕ್ಯಾನ್ಸರ್ ಎಂದು ಹೇಳಿದರೆ?" ಎಂದು ಹೆದರಿ ಕೂತವರನ್ನು ನಾವು ಕಂಡಿದ್ದೇವೆ. ಬೇಗ ಹೋದರೆ ಸಣ್ಣ ಚಿಕಿತ್ಸೆ, ತಡವಾದರೆ ದೊಡ್ಡದು. ಬಸುರಿಯರು, ಮೊಲೆ ಹಾಲು ಕೊಡುವವರು ಒಂದು ಚೂರೂ ಇಡಬಾರದು. ಅದು ಮಗುವಿಗೂ ಹೋಗುತ್ತದೆ.

ಅಡಿಕೆಯ ಮಾತು ಎತ್ತಿದರೆ ನಮ್ಮ ಊರಲ್ಲಿ ಜಗಳವೇ ಆಗುತ್ತದೆ. ಎಷ್ಟೋ ಮನೆಗೆ ಅಡಿಕೆ ತೋಟವೇ ಅನ್ನ. ಆದರೂ ಹೇಳಬೇಕಾದ್ದು ಹೇಳುತ್ತೇವೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗದವರು 2004ರಲ್ಲಿ ಅಡಿಕೆಯನ್ನೂ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿದ್ದಾರೆ. ಹೊಗೆಸೊಪ್ಪು ಬಿಟ್ಟು ಅಡಿಕೆಯನ್ನು ಎರಡರಷ್ಟು ಜಗಿದರೆ ಬಾಯಿ ಉಳಿಯುವುದಿಲ್ಲ.

ಬೀಡಿ ಕಟ್ಟುವವರ ಮನಸ್ಸಿನಲ್ಲಿ ಇನ್ನೊಂದು ಹೆದರಿಕೆ ಉಂಟು. "ಎಲ್ಲರೂ ಬೀಡಿ ಬಿಟ್ಟರೆ ನಮ್ಮ ಗತಿ ಏನು?" ಇದಕ್ಕೆ ಸಿಹಿ ಮಾತು ಹೇಳಿ ತಪ್ಪಿಸಿಕೊಳ್ಳುವುದು ನಮಗೆ ಇಷ್ಟ ಇಲ್ಲ. ಬೀಡಿಯ ಮಜೂರಿಯಲ್ಲಿ ಮಕ್ಕಳನ್ನು ಓದಿಸಿದವರು, ಮಗಳ ಮದುವೆ ಮಾಡಿದವರು ಈ ಮೂರು ತಾಲೂಕುಗಳಲ್ಲಿ ತುಂಬಾ ಮಂದಿ. ಈ ಕೆಲಸ ಈಗ ಮೊದಲಿನಷ್ಟು ಇಲ್ಲ. ಹೊಸ ಹುಡುಗಿಯರು ತಡ್ಪೆ ಹಿಡಿಯುವುದಿಲ್ಲ. ಆದರೆ ನಿಮ್ಮ ಗಂಡ ಬೀಡಿ ಬಿಟ್ಟರೆ ಬ್ರಾಂಚ್ ಮುಚ್ಚುವುದಿಲ್ಲ. ನೀವು ಕಟ್ಟುವುದು ಹೊಟ್ಟೆಪಾಡಿಗೆ. ಅವರು ಸೇದುವುದು ಹೊಟ್ಟೆಪಾಡಿಗೆ ಅಲ್ಲ. ಕಟ್ಟುವುದು ನಿಲ್ಲಿಸುವವರೆಗೆ ಸ್ವಲ್ಪ ಜಾಗ್ರತೆ ಮಾಡಿ. ಗಾಳಿ ಬರುವಲ್ಲಿ ಕೂತುಕೊಳ್ಳಿ. ಮಗುವನ್ನು ತೊಡೆಯಲ್ಲಿ ಮಲಗಿಸಿಕೊಂಡು ಕಟ್ಟಬೇಡಿ. ಹುಡಿ ಮೂಗಿಗೆ ಹೋಗುತ್ತದೆ, ಕೈಯ ಚರ್ಮದಿಂದಲೂ ನಿಕೋಟಿನ್ ಒಳಗೆ ಸೇರುತ್ತದೆ. ಅನ್ನ ಮುಟ್ಟುವ ಮೊದಲು ಸಾಬೂನು ಹಾಕಿ ಕೈ ತೊಳೆಯಿರಿ.

ಹಾಗಾದರೆ ಬಿಡುವುದು ಹೇಗೆ? ಒಂದು ದಿನ ಗೊತ್ತು ಮಾಡಿ. ಪಂಚಾಂಗ ನೋಡಿದರೂ ಸರಿಯೇ. ಆದರೆ ಎರಡು ವಾರಕ್ಕಿಂತ ದೂರ ಬೇಡ. "ದಿನಕ್ಕೆ ಒಂದೊಂದು ಕಡಿಮೆ ಮಾಡುತ್ತೇನೆ" ಎನ್ನುವವರು ಹೆಚ್ಚು. ಇಂಗ್ಲೆಂಡಿನಲ್ಲಿ ಎರಡೂ ರೀತಿ ಮಾಡಿ ನೋಡಿದ್ದಾರೆ. ಆ ಲೆಕ್ಕ 2016ರಲ್ಲಿ ಬಂತು. ನಾಲ್ಕು ವಾರದ ಮೇಲೆ ನೋಡಿದರೆ, ಒಮ್ಮೆಲೇ ಬಿಟ್ಟವರಲ್ಲಿ ನೂರಕ್ಕೆ 49 ಮಂದಿ ನಿಂತಿದ್ದರು. ಸ್ವಲ್ಪ ಸ್ವಲ್ಪ ಬಿಟ್ಟವರಲ್ಲಿ 39. ಹಾಗಾಗಿ ದಿನ ಗೊತ್ತು ಮಾಡಿ, ಹಿಂದಿನ ರಾತ್ರಿಯೇ ಕಟ್ಟು, ಬೆಂಕಿಪೆಟ್ಟಿಗೆ, ಹೊಗೆಸೊಪ್ಪಿನ ಡಬ್ಬಿ ಎಲ್ಲ ಮನೆಯಿಂದ ಹೊರಗೆ ಹಾಕಿ. ಬೀಡಿ ಕಟ್ಟುವ ಮನೆಯಲ್ಲಿ ಇದು ಸುಲಭ ಅಲ್ಲ, ನಮಗೂ ಗೊತ್ತು. ಕಟ್ಟಿದ ಬೀಡಿಯನ್ನು ಪೆಟ್ಟಿಗೆಯಲ್ಲಿ ಹಾಕಿ ಬೀಗ ಹಾಕಿ, ಬೀಗದ ಕೈ ನಿಮ್ಮ ಸೊಂಟದಲ್ಲಿ ಇರಲಿ. ಬಾಯಿಗೆ ಲವಂಗ, ಏಲಕ್ಕಿ, ಉಪ್ಪು ಹಾಕಿದ ನೆಲ್ಲಿಕಾಯಿ. ಕೈಗೆ ಏನಾದರೂ ಕೆಲಸ.

ಬಿಡುವವರು ಗಂಡ ಆದರೆ ನೀವು ಎಂತ ಮಾಡಬೇಕು? ಆ ಎರಡು ವಾರ ಅವರು ಅನ್ನದಲ್ಲಿ ಉಪ್ಪಿಲ್ಲ ಎಂದು ಬೊಬ್ಬೆ ಹಾಕಬಹುದು. ಉಪ್ಪು ಸರಿಯಾಗಿಯೇ ಇರುತ್ತದೆ. ಆ ಹೊತ್ತಿಗೆ ವಾದ ಮಾಡಬೇಡಿ. "ಇವತ್ತು ಐದನೇ ದಿನ ಆಯಿತು ಅಲ್ವಾ?" ಎಂದು ಮಾತ್ರ ಹೇಳಿ. ದಿನ ಲೆಕ್ಕ ಹಾಕುವವರು ಒಬ್ಬರಿದ್ದಾರೆ ಎಂದು ತಿಳಿದರೆ ಅವರಿಗೂ ಧೈರ್ಯ. ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಅಂಕೆ ಬರೆಯಲು ಈಗ ಕಲಿತಿದ್ದೀರಿ. ಹಾಗೆಂದು ಸಿಟ್ಟು ಬಂದಿದೆ ಎಂಬ ನೆವದಲ್ಲಿ ಕೈ ಎತ್ತಿದರೆ ಅದನ್ನು ಸಹಿಸಬೇಕಾಗಿಲ್ಲ. ಬೀಡಿ ಬಿಟ್ಟದ್ದು ಹೊಡೆಯಲಿಕ್ಕೆ ಪರ್ಮಿಟ್ ಅಲ್ಲ.

ಹತ್ತು ದಿನ ಬಿಟ್ಟು ಹನ್ನೊಂದನೇ ದಿನ ಯಾರೋ ಕೊಟ್ಟರು ಎಂದು ಒಂದು ಸೇದಿದರೆ? ಹತ್ತು ದಿನ ಹಾಳಾಯಿತು ಎಂದು ತಿಳಿಯಬೇಡಿ. ಹನ್ನೆರಡನೇ ದಿನ ಪುನಃ ಬಿಡುವುದು. ಮೂರು ಸಲ, ನಾಲ್ಕು ಸಲ ಬಿದ್ದು ಎದ್ದು ಕೊನೆಗೆ ಬಿಟ್ಟವರೇ ತುಂಬಾ ಮಂದಿ.

ಆಸೆ ತಡೆಯಲು ಆಗುವುದೇ ಇಲ್ಲ ಎಂದಾದರೆ ಮದ್ದು ಉಂಟು. ನಿಕೋಟಿನ್ ಹಾಕಿದ ಒಂದು ಜಗಿಯುವ ಗಮ್ ಬರುತ್ತದೆ. ಹೊಗೆ ಇಲ್ಲ, ಟಾರು ಇಲ್ಲ, ಸ್ವಲ್ಪ ಸ್ವಲ್ಪ ಕಡಿಮೆ ಮಾಡಿ ನಿಲ್ಲಿಸುವುದು. ಬಬಲ್‌ಗಮ್ಮಿನ ಹಾಗೆ ಜಗಿಯುತ್ತಲೇ ಇರಬಾರದು. ನಾಲ್ಕು ಸಲ ಜಗಿದು ಕೆನ್ನೆಯ ಬದಿಯಲ್ಲಿ ಇಡಬೇಕು. ಖಾರ ಕಡಿಮೆ ಆದಾಗ ಪುನಃ ಜಗಿಯಬೇಕು. ಹೊಗೆಸೊಪ್ಪು ಇಟ್ಟು ಅಭ್ಯಾಸ ಇರುವವರಿಗೆ ಇದು ಬೇಗ ಬರುತ್ತದೆ! ಎಷ್ಟು ಬೇಕು, ಎಷ್ಟು ದಿನ ಎಂದು ಸರ್ಕಾರಿ ಆಸ್ಪತ್ರೆಯ ಡಾಕ್ಟರನ್ನು ಕೇಳಿ.

ಫೋನಿನಲ್ಲಿಯೂ ಸಹಾಯ ಸಿಗುತ್ತದೆ. ಅದು ಕೇಂದ್ರ ಸರ್ಕಾರದ್ದು. ದುಡ್ಡು ಕೊಡಬೇಕಾಗಿಲ್ಲ. ಬೆಂಗಳೂರಿನ ನಿಮ್ಹಾನ್ಸ್ ಆಸ್ಪತ್ರೆಯಲ್ಲಿ ಇದರ ಒಂದು ಕೇಂದ್ರ ಇರುವುದರಿಂದ ಕನ್ನಡದಲ್ಲಿಯೇ ಮಾತಾಡಬಹುದು. 2018ರಿಂದ ಈ ಸಂಖ್ಯೆಯನ್ನು ತಂಬಾಕಿನ ಪೊಟ್ಟಣಗಳ ಮೇಲೆಯೇ ಹಾಕುತ್ತಾರೆ. ಇಷ್ಟು ವರ್ಷ ಅದು ನಿಮ್ಮ ಕಣ್ಣ ಮುಂದೆಯೇ ಇತ್ತು, ಈಗ ಓದಬಹುದು. ಒಂದೊಂದೇ ಅಂಕೆ ಬೆರಳಿಟ್ಟು ಓದಿ:

1800 11 2356

ಫೋನ್ ಎತ್ತಿದವರು ಬೈಯುವುದಿಲ್ಲ. ಎಷ್ಟು ವರ್ಷದಿಂದ ಉಂಟು, ದಿನಕ್ಕೆ ಎಷ್ಟು ಎಂದು ಕೇಳುತ್ತಾರೆ. ಯಾವ ದಿನ ಬಿಡುತ್ತೀರಿ ಎಂದು ಕೇಳುತ್ತಾರೆ. ಆ ದಿನದ ನಂತರ ಅವರೇ ಪುನಃ ಫೋನ್ ಮಾಡಿ ಹೇಗಿದ್ದೀರಿ ಎಂದು ವಿಚಾರಿಸುತ್ತಾರೆ.